ಹೆರಿಗೆಯ ನಂತರದ ತೀವ್ರ ರಕ್ತಸ್ರಾವ: ಶಸ್ತ್ರಚಿಕಿತ್ಸೆಯಿಂದ ತಡೆಯುವ ಬಗೆ

ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿದ ಮೇಲೆ ಅಲ್ಲಿ ತೆರೆದುಕೊಂಡ ರಕ್ತನಾಳಗಳನ್ನು ಮುಚ್ಚುವುದು ಮುಖ್ಯವಾಗಿ ಗರ್ಭಕೋಶದ ಸ್ನಾಯುಗಳ ಬಿಗಿತ. ಆ ಬಿಗಿತ ಬಾರದೆ ಹೋದರೆ ಆರೋಗ್ಯವಂತ ಬಾಣಂತಿಯೊಬ್ಬಳು ಒಂದು ಗಂಟೆಯೊಳಗೆ ಸಾವಿನ ಅಂಚಿಗೆ ಬರಬಲ್ಲಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.4 ಕೋಟಿ ಮಹಿಳೆಯರಿಗೆ ಪ್ರಸವೋತ್ತರ ರಕ್ತಸ್ರಾವವಾಗುತ್ತದೆ, ಸುಮಾರು 70,000 ಮಂದಿ ಸಾಯುತ್ತಾರೆ. 2018–20ರ ಮಾದರಿ ನೋಂದಣಿ ವ್ಯವಸ್ಥೆಯ ವರದಿಯಲ್ಲಿ ಲಕ್ಷ ಜೀವಂತ ಜನನಗಳಿಗೆ ಭಾರತದ ತಾಯಂದಿರ ಮರಣ ಪ್ರಮಾಣ 97, ಕರ್ನಾಟಕದ್ದು 69 ಇತ್ತು. ಈ ಸಾವುಗಳಲ್ಲಿ ರಕ್ತಸ್ರಾವದ ಪಾಲು ದೊಡ್ಡದು, ಮತ್ತು ಅದರಲ್ಲಿ ಬಹುಪಾಲನ್ನು ತಡೆಯಲು ಸಾಧ್ಯವಿದೆ.

ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಮಾಡುವ ಯುವ ಪ್ರಸೂತಿ ತಜ್ಞರನ್ನು, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮತ್ತು ಅವರ ಜೊತೆ ನಿಲ್ಲುವ ಶುಶ್ರೂಷಾಧಿಕಾರಿಗಳನ್ನು ಉದ್ದೇಶಿಸಿ ಈ ಲೇಖನ ಬರೆದಿದ್ದೇನೆ. ಇಲ್ಲಿರುವ ಯಾವ ಹೊಲಿಗೆಯನ್ನೂ ಓದಿ ಮಾತ್ರ ಕಲಿಯಲಾಗದು; ಹಿರಿಯರ ಕೈಕೆಳಗೆ ನಿಂತು, ಮಾದರಿಯ ಮೇಲೆ ಅಭ್ಯಾಸ ಮಾಡಿಯೇ ಕಲಿಯಬೇಕು. ಆದರೆ ಯಾವ ಹಂತ ಯಾವಾಗ, ಅದು ಫಲಿಸದಿದ್ದರೆ ಎಷ್ಟು ಹೊತ್ತು ಕಾದು ಮುಂದಿನದಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿರಬೇಕು. ಏಕೆಂದರೆ ನಾವು ತಾಯಂದಿರನ್ನು ಕಳೆದುಕೊಳ್ಳುವುದು ಕೈಚಳಕದ ಕೊರತೆಯಿಂದಲ್ಲ, ಬಹುತೇಕ ಸಲ ತೀರ್ಮಾನ ತಡವಾಗಿದ್ದರಿಂದ.

ಕತ್ತರಿ ಹಿಡಿಯುವ ಮೊದಲು

ಯೋನಿ ಮಾರ್ಗದ ಹೆರಿಗೆಯಲ್ಲಿ 500 ಮಿಲಿ, ಸಿಸೇರಿಯನ್‌ನಲ್ಲಿ 1000 ಮಿಲಿ ದಾಟಿದರೆ ಪ್ರಸವೋತ್ತರ ರಕ್ತಸ್ರಾವ ಎಂಬ ವ್ಯಾಖ್ಯೆ ಬಹಳ ಕಾಲದಿಂದ ನಡೆದುಬಂದಿದೆ. 2025ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಇನ್ನೂ ಬೇಗ ಎಚ್ಚೆತ್ತುಕೊಳ್ಳಲು ಹೇಳುತ್ತದೆ: ಯೋನಿ ಮಾರ್ಗದ ಹೆರಿಗೆಯಲ್ಲಿ 300 ಮಿಲಿ ರಕ್ತ ಹೋಗಿ, ಅದರ ಜೊತೆಗೆ ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ ಅಲ್ಲಿಂದಲೇ ಚಿಕಿತ್ಸೆ ಆರಂಭವಾಗಬೇಕು. ಇದಕ್ಕೆ ರಕ್ತವನ್ನು ಅಳೆಯಲೇಬೇಕು. ಕಣ್ಣಂದಾಜು ಯಾವಾಗಲೂ ಕಡಿಮೆ ಹೇಳುತ್ತದೆ. ಅಳತೆಯ ಗುರುತುಗಳಿರುವ ಪ್ಲಾಸ್ಟಿಕ್ ಹಾಸನ್ನು ಬಾಣಂತಿಯ ಕೆಳಗೆ ಹಾಕಿದರೆ ಲೆಕ್ಕ ಸುಲಭ. ಅದಿಲ್ಲದಿದ್ದರೆ ನೆನೆದ ಬಟ್ಟೆಗಳನ್ನು ತೂಗಿ, ಒಣ ತೂಕವನ್ನು ಕಳೆದು, ಒಂದು ಗ್ರಾಂಗೆ ಒಂದು ಮಿಲಿಯಂತೆ ಲೆಕ್ಕ ಹಾಕಬಹುದು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೀರಲು ಬಳಸುವ 45 ಸೆಂಟಿಮೀಟರ್ ಚೌಕದ ಬಟ್ಟೆ, ಅಂದರೆ ಮಾಪ್, ಪೂರ್ತಿ ನೆನೆದಿದ್ದರೆ ಅದರಲ್ಲಿ ಸುಮಾರು 350 ಮಿಲಿ ರಕ್ತವಿರುತ್ತದೆ. ನೆಲದ ಮೇಲೆ 50 ಸೆಂಟಿಮೀಟರ್ ಅಗಲ ಹರಡಿದ ರಕ್ತ ಸುಮಾರು 500 ಮಿಲಿ, ಒಂದು ಮೀಟರ್ ಅಗಲ ಹರಡಿದ್ದು ಸುಮಾರು 1500 ಮಿಲಿ. ಈ ಮೂರು ಅಂಕಿಗಳನ್ನು ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿಟ್ಟರೆ ಒಳ್ಳೆಯದು.

ನಾಡಿಯ ಸಂಖ್ಯೆಯನ್ನು ಮೇಲಿನ ರಕ್ತದೊತ್ತಡದಿಂದ ಭಾಗಿಸಿದಾಗ ಬರುವ ಸೂಚ್ಯಂಕ 0.9 ದಾಟಿದರೆ, ಬಾಣಂತಿ ನಗುನಗುತ್ತ ಮಾತನಾಡುತ್ತಿದ್ದರೂ ಆಕೆ ಅಪಾಯದಲ್ಲಿದ್ದಾಳೆಂದೇ ತಿಳಿಯಬೇಕು. ಹರೆಯದ ದೇಹ ರಕ್ತದೊತ್ತಡವನ್ನು ಕೊನೆಯವರೆಗೂ ಹಿಡಿದಿಟ್ಟು, ಬಿಡುವಾಗ ಒಮ್ಮೆಗೇ ಬಿಟ್ಟುಬಿಡುತ್ತದೆ.

ಈ ಹೊತ್ತಿಗೆ ಸಹಾಯಕ್ಕೆ ಜನರನ್ನು ಕೂಗಿ ಕರೆದಾಗಿರಬೇಕು. ಎರಡು ದಪ್ಪ ಸೂಜಿ, ಅಂದರೆ 16 ಅಥವಾ 14 ಗೇಜಿನ ಕ್ಯಾನುಲಾ ಹಾಕಿ, ಗುಂಪು ಹೊಂದಾಣಿಕೆಗೆ ರಕ್ತ ಕಳುಹಿಸಿ, ಮೂತ್ರಕೋಶಕ್ಕೆ ಕ್ಯಾತಿಟರ್ ಹಾಕಿ, ಗರ್ಭಕೋಶವನ್ನು ಉಜ್ಜುತ್ತಿರಬೇಕು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಡ್ರಿಪ್ ನಡೆಯುತ್ತಿರಬೇಕು. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಅನ್ನು ಹೆರಿಗೆಯಾದ 3 ಗಂಟೆಯೊಳಗೆ, ಅಭಿಧಮನಿಗೆ, 10 ನಿಮಿಷಗಳಲ್ಲಿ ನಿಧಾನವಾಗಿ ಕೊಡಬೇಕು. 30 ನಿಮಿಷದ ನಂತರವೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ ಕೊಡಬಹುದು. ಗರ್ಭಕೋಶವನ್ನು ಬಿಗಿಗೊಳಿಸುವ ಬೇರೆ ಔಷಧಗಳಲ್ಲಿ, ರಕ್ತದೊತ್ತಡ ಹೆಚ್ಚಿರುವವರಿಗೆ ಮೆಥೈಲ್ ಎರ್ಗೊಮೆಟ್ರಿನ್ ಕೊಡಬಾರದು, ಉಬ್ಬಸವಿರುವವರಿಗೆ ಕಾರ್ಬೊಪ್ರಾಸ್ಟ್ ಕೊಡಬಾರದು. ಇವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಔಷಧಗಳು ಒಂದರ ಮೇಲೊಂದು ಸೋಲುತ್ತಿರುವಾಗ ಮತ್ತೊಂದು ಡೋಸ್ ಕೊಟ್ಟು ನೋಡೋಣ ಎನ್ನುವ ಮಾತೇ ಆಪರೇಷನ್ ಥಿಯೇಟರಿನ ಬಾಗಿಲನ್ನು ತಡವಾಗಿ ತೆರೆಯಿಸುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಮನೆಯವರೊಡನೆ ಮಾತು ಕೂಡ ಈ ಹಂತದಲ್ಲೇ ಆಗಬೇಕು. ಪ್ರಜ್ಞೆಯಿದ್ದರೆ ಮೊದಲು ಬಾಣಂತಿಗೇ ಹೇಳಬೇಕು, ಅನಂತರ ಆಕೆಯ ಗಂಡನಿಗೋ ತಾಯಿಗೋ. “ಮೊದಲು ಗರ್ಭಕೋಶ ಉಳಿಸಲು ನೋಡುತ್ತೇವಮ್ಮ, ಜೀವಕ್ಕೆ ಅಪಾಯ ಅನ್ನಿಸಿದರೆ ಅದನ್ನು ತೆಗೆಯಬೇಕಾಗಬಹುದು” ಎಂದು ನೇರವಾಗಿ, ಮೆದುವಾಗಿ ಹೇಳಿ, ಎರಡಕ್ಕೂ ಒಟ್ಟಿಗೇ ಒಪ್ಪಿಗೆ ಪಡೆದಿರಬೇಕು. ಅರ್ಧ ಶಸ್ತ್ರಚಿಕಿತ್ಸೆಯಲ್ಲಿ ಹೊರಗೆ ಬಂದು ಸಹಿ ಕೇಳುವ ಸ್ಥಿತಿ ಬರಬಾರದು.

ರಕ್ತ ಬರುತ್ತಿರುವುದು ಎಲ್ಲಿಂದ?

ಕಾರಣಗಳು ನಾಲ್ಕು: ಗರ್ಭಕೋಶದ ಸಡಿಲತೆ, ಹರಿದ ಗಾಯ, ಒಳಗುಳಿದ ಮಾಸಿನ ಚೂರು, ರಕ್ತ ಹೆಪ್ಪುಗಟ್ಟುವಿಕೆಯ ದೋಷ. ಹತ್ತರಲ್ಲಿ ಏಳರಷ್ಟು ಪ್ರಕರಣಗಳಲ್ಲಿ ಸಡಿಲತೆಯೇ ಕಾರಣ. ಹಾಗೆಂದು ಉಳಿದ ಮೂರನ್ನು ನೋಡದೆ ಹೊಟ್ಟೆ ತೆರೆಯುವುದು ದೊಡ್ಡ ತಪ್ಪು. ಅರಿವಳಿಕೆ ಕೊಟ್ಟು, ಒಳ್ಳೆಯ ಬೆಳಕಿನಲ್ಲಿ, ಕಾಲುಗಳನ್ನು ಮೇಲಕ್ಕೆ ಕಟ್ಟಿ, ಸಹಾಯಕರೊಬ್ಬರು ಯೋನಿಯ ಗೋಡೆಗಳನ್ನು ರಿಟ್ರಾಕ್ಟರ್‌ಗಳಿಂದ ಸರಿಸಿ ಹಿಡಿದಿರುವಾಗ ಗರ್ಭಕೋಶದ ಕೊರಳನ್ನು ಸ್ಪಂಜ್ ಹೋಲ್ಡಿಂಗ್ ಫೋರ್ಸೆಪ್ಸ್‌ಗಳಿಂದ ಒಂದಾದ ಮೇಲೊಂದು ಹಿಡಿಯುತ್ತ ಸುತ್ತಲೂ ನೋಡಬೇಕು. ಹರಿದಿದ್ದರೆ ಹರುಕಿನ ಮೇಲ್ತುದಿಗಿಂತ ಒಂದು ಸೆಂಟಿಮೀಟರ್ ಮೇಲಿನಿಂದ ಮೊದಲ ಹೊಲಿಗೆ ಬೀಳಬೇಕು, ಏಕೆಂದರೆ ತುಂಡಾದ ರಕ್ತನಾಳ ಒಳಕ್ಕೆ ಸೇದಿಕೊಂಡಿರುತ್ತದೆ. ಮೇಲ್ತುದಿ ಕಾಣದಷ್ಟು ಎತ್ತರಕ್ಕೆ ಹೋಗಿದ್ದರೆ ಅದು ಗರ್ಭಕೋಶದ ಕೆಳಭಾಗವನ್ನೇ ಸೀಳಿರಬಹುದು. ಆಗ ಹೊಟ್ಟೆ ತೆರೆಯುವುದೇ ದಾರಿ. ಕೈ ಹಾಕಿ ಗರ್ಭಕೋಶದ ಒಳಗನ್ನು ಪರೀಕ್ಷಿಸಿ, ಉಳಿದ ಮಾಸನ್ನೂ ಹೆಪ್ಪುಗಳನ್ನೂ ತೆಗೆಯಬೇಕು. ಹೊರಗೆ ರಕ್ತ ಕಾಣದಿದ್ದರೂ ನಾಡಿ ಏರುತ್ತಲೇ ಇದ್ದರೆ ಯೋನಿಯ ಪಕ್ಕದಲ್ಲೋ ಗರ್ಭಕೋಶದ ಪಕ್ಕದ ಪೊರೆಯಾದ ಬ್ರಾಡ್ ಲಿಗಮೆಂಟಿನೊಳಗೋ ರಕ್ತ ಕಟ್ಟಿಕೊಳ್ಳುತ್ತಿರಬಹುದೆಂಬ ಅನುಮಾನ ಬರಬೇಕು.

ಬಲೂನಿನ ಒತ್ತಡ

ಗರ್ಭಕೋಶ ಖಾಲಿಯಾಗಿದ್ದು, ಹರಿದ ಗಾಯವಿಲ್ಲದೆ, ಸಡಿಲತೆಯಿಂದ ಮಾತ್ರ ರಕ್ತ ಹೋಗುತ್ತಿದ್ದರೆ ಹೊಟ್ಟೆ ತೆರೆಯುವ ಮೊದಲು ಬಲೂನ್ ಪ್ರಯತ್ನಿಸಬಹುದು. ಬಾಂಗ್ಲಾದೇಶದ ಡಾ. ಸಾಯೆಬಾ ಅಖ್ತರ್ ಅವರು ಢಾಕಾದಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ ಕಾಂಡೋಮ್ ವಿಧಾನ ನಮ್ಮ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದಂಥದ್ದು. ದಪ್ಪ ಫೋಲಿ ಕ್ಯಾತಿಟರಿನ ತುದಿಗೆ ಕಾಂಡೋಮ್ ತೊಡಿಸಿ, ಬುಡದಲ್ಲಿ ರೇಷ್ಮೆ ದಾರದಿಂದ ಎರಡು ಕಡೆ ಬಿಗಿಯಾಗಿ, ಆದರೆ ಕ್ಯಾತಿಟರಿನ ಒಳದಾರಿ ಮುಚ್ಚದಂತೆ ಕಟ್ಟಿ, ಗರ್ಭಕೋಶದ ನೆತ್ತಿಯವರೆಗೆ ಒಳಗಿರಿಸಿ, ರಕ್ತ ನಿಲ್ಲುವವರೆಗೆ 250ರಿಂದ 500 ಮಿಲಿ ಸಲೈನ್ ತುಂಬಬೇಕು. ಬಲೂನ್ ಜಾರದಂತೆ ಯೋನಿಯಲ್ಲಿ ರೋಲರ್ ಗಾಜ್ ಇಡಬೇಕು, ಗರ್ಭಕೋಶದ ಎತ್ತರವನ್ನು ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಮಾಡಬೇಕು. ಗರ್ಭಕೋಶ ಆ ಗೆರೆ ದಾಟಿ ಮೇಲಕ್ಕೇರಿದರೆ ಬಲೂನಿನ ಮೇಲ್ಗಡೆ ರಕ್ತ ತುಂಬುತ್ತಿದೆಯೆಂದು ಅರ್ಥ.

ಇಲ್ಲಿ ಗಡಿಯಾರ ನೋಡಬೇಕು. 10–15 ನಿಮಿಷಗಳಲ್ಲಿ ರಕ್ತ ನಿಂತರೆ ಬಲೂನನ್ನು 12ರಿಂದ 24 ಗಂಟೆ ಇಟ್ಟು, ಹಗಲು ಹೊತ್ತಿನಲ್ಲಿ, ತಂಡ ಸಿದ್ಧವಿರುವಾಗ ಸ್ವಲ್ಪಸ್ವಲ್ಪವಾಗಿ ಖಾಲಿ ಮಾಡಬೇಕು. ನಿಲ್ಲದಿದ್ದರೆ ಎರಡನೆಯ ಬಲೂನ್ ಹುಡುಕುವುದು ಬೇಡ, ಹೊಟ್ಟೆ ತೆರೆಯಬೇಕು. ಅಗತ್ಯ ಬಿದ್ದರೆ ಶಸ್ತ್ರಚಿಕಿತ್ಸೆಗೂ ರಕ್ತಕ್ಕೂ ಅನುಕೂಲವಿರುವ ಕಡೆ ಮಾತ್ರ ಬಲೂನ್ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದೇ ಕಾರಣಕ್ಕೆ. ಅನುಕೂಲವಿಲ್ಲದ ಕಡೆ ಎರಡೂ ಕೈಗಳಿಂದ ಗರ್ಭಕೋಶವನ್ನು ಒತ್ತಿ ಹಿಡಿದು, ಇದ್ದರೆ ಕಾಲು, ಹೊಟ್ಟೆಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಆಘಾತ ನಿರೋಧಕ ಉಡುಪನ್ನು ತೊಡಿಸಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, 108ರಲ್ಲಿ ಜೊತೆಗೊಬ್ಬ ಶುಶ್ರೂಷಕಿಯನ್ನು ಕಳುಹಿಸಬೇಕು.

ಹೊಟ್ಟೆ ತೆರೆದ ಮೇಲೆ ಮೊದಲ ಎರಡು ನಿಮಿಷ

ಸಿಸೇರಿಯನ್ ಆಗಿದ್ದರೆ ಹಳೆಯ ಗಾಯವನ್ನೇ ಮತ್ತೆ ತೆರೆಯಬೇಕು; ಇಲ್ಲವಾದರೆ ಹೊಕ್ಕುಳಿನ ಕೆಳಗಿನ ನೇರ ಗಾಯ ವೇಗವಾಗಿಯೂ ವಿಶಾಲವಾಗಿಯೂ ಆಗುತ್ತದೆ. ಬಾಣಂತಿಯ ಕಾಲುಗಳನ್ನು ತುಸು ಅಗಲಿಸಿ, ಯೋನಿಯಿಂದ ಬರುವ ರಕ್ತವನ್ನು ಒಬ್ಬರು ಕೆಳಗಿನಿಂದ ನೋಡುವಂತೆ ಮಲಗಿಸುವುದು ಮುಖ್ಯ. ಒಳಗೆ ಹೊಕ್ಕ ತಕ್ಷಣ ಗರ್ಭಕೋಶವನ್ನು ಹೊರಗೆ ಎತ್ತಿ, ಎರಡೂ ಅಂಗೈಗಳ ನಡುವೆ ಹಿಂದೆ ಮುಂದೆ ಒತ್ತಿ ಹಿಡಿಯಬೇಕು. ರಕ್ತ ರಭಸವಾಗಿದ್ದರೆ ಸಹಾಯಕರು ಮುಷ್ಟಿಯಿಂದ ಮಹಾಪಧಮನಿಯನ್ನು ಬೆನ್ನುಮೂಳೆಗೆ ಅದುಮಬೇಕು. ಈ ಒತ್ತುವಿಕೆಯೇ ಅರಿವಳಿಕೆ ತಜ್ಞರಿಗೆ ರಕ್ತ ಏರಿಸಿಕೊಳ್ಳಲು ಬಿಡುವು ಕೊಡುತ್ತದೆ. ಅವರು ಅವಸರಪಡಿಸಿದರೂ ಪಡಿಸದಿದ್ದರೂ ಎರಡು ನಿಮಿಷ ಕೈ ತೆಗೆಯದೆ ನಿಲ್ಲುವುದು ಶಸ್ತ್ರವೈದ್ಯರ ಮೊದಲ ಕೆಲಸವೆಂದೇ ನನ್ನ ಅಭಿಪ್ರಾಯ.

ಇದೇ ಒಂದು ಪರೀಕ್ಷೆಯೂ ಹೌದು. ಒತ್ತಿ ಹಿಡಿದಾಗ ಕೆಳಗಿನಿಂದ ರಕ್ತ ನಿಂತರೆ ಒತ್ತುವ ಹೊಲಿಗೆ ಫಲಿಸುವ ಸಾಧ್ಯತೆ ಹೆಚ್ಚು. ನಿಲ್ಲದಿದ್ದರೆ ಮೂಲ ಬೇರೆಡೆ ಇದೆ: ಕೊರಳಿನ ಹರುಕು, ಗರ್ಭಕೋಶದ ಸೀಳು, ಇಲ್ಲವೇ ಹೆಪ್ಪುಗಟ್ಟದ ರಕ್ತ.

ಬಿ-ಲಿಂಚ್ ಹೊಲಿಗೆ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಆಸ್ಪತ್ರೆಯಲ್ಲಿದ್ದ ಕ್ರಿಸ್ಟೋಫರ್ ಬಿ-ಲಿಂಚ್ ಮತ್ತು ಸಂಗಡಿಗರು 1997ರಲ್ಲಿ ಐದು ಪ್ರಕರಣಗಳೊಡನೆ ಈ ವಿಧಾನವನ್ನು ಪ್ರಕಟಿಸಿದರು. ಬೆನ್ನಿಗೆ ಹಾಕುವ ಶಾಲಾ ಚೀಲದ ಎರಡು ಪಟ್ಟಿಗಳು ಹೆಗಲ ಮೇಲಿಂದ ಹಾಯ್ದುಹೋಗುವಂತೆ ಒಂದೇ ದಾರ ಗರ್ಭಕೋಶದ ನೆತ್ತಿಯ ಮೇಲೆ ಎರಡು ಕಡೆ ಹಾದು, ಅದನ್ನು ಮಡಚಿ ಅದುಮಿ ಹಿಡಿಯುತ್ತದೆ. ಕನಿಷ್ಠ 90 ಸೆಂಟಿಮೀಟರ್ ಉದ್ದದ, ಕರಗುವ 1 ನಂಬರ್ ದಾರವೂ ದೊಡ್ಡ ದುಂಡು ಸೂಜಿಯೂ ಬೇಕು. ಇವನ್ನು ಮೊದಲೇ ಒಂದು ಡಬ್ಬಿಯಲ್ಲಿ ಹಾಕಿ ಆಪರೇಷನ್ ಥಿಯೇಟರಿನಲ್ಲಿ ಇರಿಸಿಕೊಂಡಿರಬೇಕು. ಬೇಕಾದ ಹೊತ್ತಿನಲ್ಲಿ ಗಿಡ್ಡ ದಾರವೊಂದೇ ಸಿಕ್ಕಿದರೆ ಅರ್ಧದಲ್ಲಿ ಕೈ ಕಟ್ಟಿಹಾಕಿದಂತಾಗುತ್ತದೆ.

ಮೂತ್ರಕೋಶವನ್ನು ಕೆಳಕ್ಕೆ ಸರಿಸಿ, ಸಿಸೇರಿಯನ್ ಗಾಯವನ್ನು ತೆರೆದು, ಅಥವಾ ಯೋನಿ ಮಾರ್ಗದ ಹೆರಿಗೆಯಾಗಿದ್ದರೆ ಅದೇ ಜಾಗದಲ್ಲಿ ಹೊಸದಾಗಿ ಕೊಯ್ದು, ಒಳಗು ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಬಲಬದಿಯಲ್ಲಿ, ಗಾಯದ ಕೆಳ ಅಂಚಿಗಿಂತ 3 ಸೆಂಟಿಮೀಟರ್ ಕೆಳಗೆ, ಗರ್ಭಕೋಶದ ಪಕ್ಕದ ಅಂಚಿನಿಂದ 3 ಸೆಂಟಿಮೀಟರ್ ಒಳಗೆ ಸೂಜಿ ಹೊಗಿಸಿ, ಒಳಗಿನಿಂದ ಮೇಲೆತ್ತಿ, ಗಾಯದ ಮೇಲಂಚಿಗಿಂತ 3 ಸೆಂಟಿಮೀಟರ್ ಮೇಲೆ, ಪಕ್ಕದ ಅಂಚಿನಿಂದ ಸುಮಾರು 4 ಸೆಂಟಿಮೀಟರ್ ಒಳಗೆ ಹೊರತೆಗೆಯಬೇಕು. ದಾರವನ್ನು ಹೊರಗಿನಿಂದಲೇ ನೆತ್ತಿಯ ಮೇಲೆ, ಅಂಡನಾಳ ಹೊರಡುವ ಮೂಲೆಯಿಂದ 3–4 ಸೆಂಟಿಮೀಟರ್ ಒಳಗಾಗಿ ಹಾಯಿಸಿ ಹಿಂದಕ್ಕೆ ಇಳಿಸಬೇಕು. ಹಿಂಬದಿಯ ಗೋಡೆಯಲ್ಲಿ, ಮುಂಬದಿಯ ಮೇಲಿನ ತೂತಿನ ಮಟ್ಟದಲ್ಲೇ ಸೂಜಿ ಒಳಹೊಕ್ಕು, ಒಳಗೆ ಅಡ್ಡವಾಗಿ ಸಾಗಿ, ಎಡಬದಿಯಲ್ಲಿ ಅಷ್ಟೇ ಎತ್ತರದಲ್ಲಿ ಹಿಂದಕ್ಕೆ ಹೊರಬರುತ್ತದೆ. ಅಲ್ಲಿಂದ ಎಡಬದಿಯ ನೆತ್ತಿಯ ಮೇಲೆ ಮುಂದಕ್ಕೆ ಬಂದು, ಗಾಯದ ಮೇಲೆ ಹೊಕ್ಕು ಕೆಳಗೆ ಹೊರಬಂದರೆ ಸುತ್ತು ಮುಗಿಯಿತು.

ಇನ್ನು ಬಿಗಿಯುವುದು. ಸಹಾಯಕರು ಎರಡೂ ಕೈಗಳಿಂದ ಗರ್ಭಕೋಶವನ್ನು ಅದುಮುತ್ತಿರಬೇಕು, ಶಸ್ತ್ರವೈದ್ಯರು ದಾರದ ಸಡಿಲವನ್ನು ಮಾತ್ರ ಎಳೆದುಕೊಳ್ಳುತ್ತ ಹೋಗಬೇಕು. ದಾರ ಎಳೆದು ಗರ್ಭಕೋಶವನ್ನು ಕುಗ್ಗಿಸಲು ಹೋದರೆ ಅದು ಸ್ನಾಯುವನ್ನು ಕತ್ತರಿಸಿಕೊಂಡು ಹೋಗುತ್ತದೆ. ಕೆಳಗಿನಿಂದ ರಕ್ತ ನಿಂತಿದೆಯೆಂದು ನೋಡುತ್ತಿರುವವರು ಹೇಳಿದ ಮೇಲೆ ಗಂಟು ಹಾಕಿ, ಗಾಯವನ್ನು ಎಂದಿನಂತೆ ಹೊಲಿಯಬೇಕು.

ಗರ್ಭಕೋಶವನ್ನು ಕೊಯ್ಯದೆಯೇ ಮಾಡಬಹುದಾದ ಹೇಮನ್ ಹೊಲಿಗೆ 2002ರಲ್ಲಿ ಬಂತು. ಕೆಳಭಾಗದಲ್ಲಿ ಮುಂದಿನಿಂದ ಹಿಂದಕ್ಕೆ ನೇರ ಸೂಜಿ ಹಾಯಿಸಿ, ಎರಡು ಬದಿಯಲ್ಲೂ ಪ್ರತ್ಯೇಕ ದಾರಗಳನ್ನು ನೆತ್ತಿಯ ಮೇಲೆ ಗಂಟು ಹಾಕುವ ಈ ವಿಧಾನ ಬೇಗ ಮುಗಿಯುತ್ತದೆ. ಯೋನಿ ಮಾರ್ಗದ ಹೆರಿಗೆಯ ನಂತರ ಇದು ಹೆಚ್ಚು ಅನುಕೂಲ. ಒಳಗನ್ನು ಕಣ್ಣಿಂದ ನೋಡಲಾಗುವುದಿಲ್ಲ ಎಂಬುದೊಂದೇ ಕೊರತೆ. ಮಾಸು ಕೆಳಗೆ ಅಂಟಿದ್ದ ಜಾಗದಿಂದ ರಕ್ತ ಜಿನುಗುತ್ತಿದ್ದರೆ, ಕೊರಿಯಾದ ಚೋ ಮತ್ತು ಸಂಗಡಿಗರು 2000ದಲ್ಲಿ ತಿಳಿಸಿದ ಚೌಕ ಹೊಲಿಗೆ ಉಪಯೋಗಕ್ಕೆ ಬರುತ್ತದೆ. ಅದು ಮುಂದಿನ ಹಿಂದಿನ ಗೋಡೆಗಳನ್ನೇ ಸೇರಿಸುವುದರಿಂದ ಒಳಗೆ ಕೀವು ಕಟ್ಟುವ, ಗೋಡೆಗಳು ಅಂಟಿಕೊಳ್ಳುವ ಅಪಾಯವಿದೆ. ಅದಕ್ಕೇ ಅದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ.

ರಕ್ತನಾಳಗಳನ್ನು ಕಟ್ಟುವುದು

ಸಿಸೇರಿಯನ್ ಮಾಡಬಲ್ಲ ಪ್ರತಿಯೊಬ್ಬರಿಗೂ ಗರ್ಭಕೋಶದ ಅಪಧಮನಿಯನ್ನು ಕಟ್ಟಲು ಬರಲೇಬೇಕು. ಓಲಿಯರಿ ಹೆಸರಿನಲ್ಲಿ ಇದು 1966ರಿಂದ ಪ್ರಸಿದ್ಧ. ಸಹಾಯಕರು ಗರ್ಭಕೋಶವನ್ನು ಎದುರು ಬದಿಗೆ ಎತ್ತಿ ಹಿಡಿಯಬೇಕು. ಎತ್ತಿ ಹಿಡಿದಾಗಲೇ ಮೂತ್ರಪಿಂಡದಿಂದ ಮೂತ್ರ ತರುವ ಯುರೇಟರ್ ನಾಳ ದೂರ ಸರಿಯುತ್ತದೆ. ಮೂತ್ರಕೋಶವನ್ನು ಚೆನ್ನಾಗಿ ಕೆಳಕ್ಕೆ ಸರಿಸಿ, ಪಕ್ಕದ ಅಂಚಿನಲ್ಲಿ ಅಪಧಮನಿಯ ಮಿಡಿತವನ್ನು ಬೆರಳಿಗೆ ತಾಗಿಸಿಕೊಂಡು, ಗಾಯದ ಮಟ್ಟಕ್ಕಿಂತ 2–3 ಸೆಂಟಿಮೀಟರ್ ಕೆಳಗೆ, ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಒಳಗೆ, ಸ್ನಾಯುವಿನ ಮೂಲಕ ಮುಂದಿನಿಂದ ಹಿಂದಕ್ಕೆ 1 ನಂಬರ್ ವಿಕ್ರಿಲ್ ದಾರ ಹಾಯಿಸಿ, ಬ್ರಾಡ್ ಲಿಗಮೆಂಟಿನಲ್ಲಿ ರಕ್ತನಾಳವಿಲ್ಲದ ತೆಳು ಜಾಗದ ಮೂಲಕ ಮುಂದಕ್ಕೆ ತಂದು ಕಟ್ಟಬೇಕು. ಸ್ನಾಯುವನ್ನು ಸೇರಿಸಿ ಕಟ್ಟುವುದರಿಂದ ರಕ್ತನಾಳ ಸೀಳುವುದಿಲ್ಲ. ನಾಳವನ್ನು ಕತ್ತರಿಸಬಾರದು. ಇನ್ನೊಂದು ಬದಿಯಲ್ಲೂ ಇದನ್ನೇ ಮಾಡಬೇಕು. ಸಾಲದಿದ್ದರೆ ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ಕವಲನ್ನು ಅಂಡಾಶಯದ ಲಿಗಮೆಂಟ್ ಗರ್ಭಕೋಶವನ್ನು ಸೇರುವ ಮೂಲೆಯಲ್ಲಿ ಕಟ್ಟಬೇಕು. ಈಜಿಪ್ಟಿನ ಅಬ್ದ್ರಬ್ಬೊ 1994ರಲ್ಲಿ 103 ಮಹಿಳೆಯರಲ್ಲಿ ಇದನ್ನೇ ಐದು ಮೆಟ್ಟಿಲುಗಳಾಗಿ ಮಾಡಿ ತೋರಿಸಿದರು. ಹೀಗೆ ಕಟ್ಟಿದರೂ ಬೇರೆ ಕವಲುಗಳಿಂದ ರಕ್ತ ಬರುವುದರಿಂದ ಗರ್ಭಕೋಶ ಬದುಕುತ್ತದೆ, ಮುಟ್ಟು ಮರಳುತ್ತದೆ.

ಸೊಂಟಗುಳಿಯ ಅಂಗಗಳಿಗೆ ರಕ್ತ ಒದಗಿಸುವ ಒಳ ಇಲಿಯಾಕ್ ಅಪಧಮನಿಯನ್ನು ಕಟ್ಟುವುದು ಇದಕ್ಕಿಂತ ಕಷ್ಟದ್ದು. ಎರಡೂ ಬದಿ ಕಟ್ಟಿದರೆ ನಾಡಿಯ ಒತ್ತಡ ಶೇ. 85ರಷ್ಟು, ರಕ್ತದ ಹರಿವು ಶೇ. 48ರಷ್ಟು ಇಳಿಯುತ್ತದೆಂದು ಸಂಶೋಧಕ ಬರ್ಚೆಲ್ ತೋರಿಸಿದ್ದರು. ರಭಸ ಕುಗ್ಗಿದಾಗ ಹೆಪ್ಪು ನಿಲ್ಲುತ್ತದೆ. ಯೋನಿಯ ಮೇಲ್ಭಾಗದ ಹರುಕು, ಬ್ರಾಡ್ ಲಿಗಮೆಂಟಿನ ರಕ್ತಗೆಡ್ಡೆ, ಗರ್ಭಕೋಶ ತೆಗೆದ ಮೇಲೂ ನಿಲ್ಲದ ಜಿನುಗು, ಇವು ಇದರ ಮುಖ್ಯ ಸಂದರ್ಭಗಳು. ಸಾಮಾನ್ಯ ಇಲಿಯಾಕ್ ಕವಲೊಡೆಯುವಲ್ಲಿ ಹೊಟ್ಟೆಯ ಒಳಪೊರೆಯನ್ನು (ಪೆರಿಟೋನಿಯಂ) ತೆರೆದರೆ ಯುರೇಟರ್ ಅಲ್ಲೇ ಅಡ್ಡ ಹಾಯುವುದು ಕಾಣುತ್ತದೆ. ಅದನ್ನು ಮಧ್ಯದ ಕಡೆಗೆ ಸರಿಸಿ, ಕವಲಿನಿಂದ 3–5 ಸೆಂಟಿಮೀಟರ್ ಕೆಳಗೆ, ಹಿಂಬದಿಯ ಶಾಖೆ ಬಿಟ್ಟುಹೋದ ಮೇಲೆ, ಮೊನಚಿಲ್ಲದ ಲಂಬಕೋನದ ಫೋರ್ಸೆಪ್ಸನ್ನು ಹೊರಗಿನಿಂದ ಒಳಕ್ಕೆ, ಅಪಧಮನಿಯ ಹಿಂದಿನಿಂದ ನಿಧಾನವಾಗಿ ತೂರಿಸಬೇಕು. ಕೆಳಗಿರುವ ಅಭಿಧಮನಿ ಕಾಗದದಷ್ಟು ತೆಳ್ಳಗಿದ್ದು, ಅದು ಹರಿದರೆ ಮೂಲ ರಕ್ತಸ್ರಾವಕ್ಕಿಂತ ದೊಡ್ಡ ವಿಪತ್ತಾಗುತ್ತದೆ. ಗಂಟು ಬಿಗಿಯುವ ಮೊದಲು ದಾರವನ್ನು ಎತ್ತಿ ಹಿಡಿದು, ಹೊರ ಇಲಿಯಾಕ್‌ನಲ್ಲಿಯೂ ತೊಡೆಯ ಬುಡದಲ್ಲಿಯೂ ಮಿಡಿತ ಇದೆಯೆಂದು ಪರೀಕ್ಷಿಸಿಯೇ ಕಟ್ಟಬೇಕು. ಕೈಪಳಗಿಲ್ಲದವರು ಇದರಲ್ಲಿ ಅರ್ಧ ಗಂಟೆ ಕಳೆಯುವ ಬದಲು ನೇರವಾಗಿ ಗರ್ಭಕೋಶ ತೆಗೆಯುವುದು ಸುರಕ್ಷಿತ.

2007ರಲ್ಲಿ ಪ್ರಕಟವಾದ ಒಂದು ಸಮಗ್ರ ಅವಲೋಕನದಲ್ಲಿ ಬಲೂನ್ ಶೇ. 84, ಒತ್ತುವ ಹೊಲಿಗೆ ಶೇ. 91.7, ರಕ್ತನಾಳ ಕಟ್ಟುವುದು ಶೇ. 84.6, ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಶನ್ ಶೇ. 90.7 ಪ್ರಕರಣಗಳಲ್ಲಿ ಫಲಿಸಿದ್ದವು. ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲಾಗದು. ಕ್ಯಾತ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಯಲ್ಲಿ, ರಕ್ತದೊತ್ತಡ ಸ್ಥಿರವಾಗಿರುವವರಿಗೆ ಮಾತ್ರ ಎಂಬೊಲೈಸೇಶನ್ ಹೊಂದುತ್ತದೆ. ಉಳಿದ ಮೂರರಲ್ಲಿ ನಿಮ್ಮ ಕೈಗೆ ಚೆನ್ನಾಗಿ ಒಗ್ಗಿದ್ದೇ ನಿಮಗೆ ಒಳ್ಳೆಯದು.

ಗರ್ಭಕೋಶ ತೆಗೆಯುವ ತೀರ್ಮಾನ

ಒತ್ತುವ ಹೊಲಿಗೆ ಹಾಕಿ, ರಕ್ತನಾಳ ಕಟ್ಟಿದ ಮೇಲೂ ರಕ್ತ ಬರುತ್ತಿದ್ದರೆ, ಅಥವಾ ಗರ್ಭಕೋಶ ಹೊಲಿಯಲಾಗದಂತೆ ಸೀಳಿದ್ದರೆ, ಅಥವಾ ಮಾಸು ಗರ್ಭಕೋಶದ ಗೋಡೆಯೊಳಕ್ಕೆ ಬೇರೂರಿದ್ದರೆ ಕಾಯಬಾರದು. ಬೇರೂರಿದ ಮಾಸನ್ನು ಕಿತ್ತು ನೋಡುವ ಪ್ರಯತ್ನವೇ ಮಾರಕ. ಹಿಂದೆ ಸಿಸೇರಿಯನ್ ಆಗಿ, ಈ ಸಲ ಮಾಸು ಕೆಳಗಿದ್ದವರನ್ನು ಗರ್ಭಿಣಿಯಾಗಿದ್ದಾಗಲೇ ಸ್ಕ್ಯಾನ್‌ನಲ್ಲಿ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು: ಮಾಸು ಕೆಳಗಿರುವವರಲ್ಲಿ ಒಂದು ಸಿಸೇರಿಯನ್ ಆಗಿದ್ದರೆ ಹೀಗೆ ಬೇರೂರುವ ಸಾಧ್ಯತೆ ಸುಮಾರು ಶೇ. 11, ಎರಡಾಗಿದ್ದರೆ ಸುಮಾರು ಶೇ. 40.

ಮೊದಲ ಹೆರಿಗೆಯ ಹುಡುಗಿಯ ಗರ್ಭಕೋಶ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಸಾಧ್ಯವಿದ್ದರೆ ಇನ್ನೊಬ್ಬ ಹಿರಿಯರನ್ನು ಕರೆಯಿಸಿ ಅಥವಾ ಫೋನಿನಲ್ಲಾದರೂ ಮಾತನಾಡಿ. ಹೊರಗಿನಿಂದ ನೋಡುವವರಿಗೆ ಸತ್ಯ ಬೇಗ ಕಾಣುತ್ತದೆ. ಆಕೆಯ ರಕ್ತ ಹೆಪ್ಪುಗಟ್ಟುವ ಶಕ್ತಿ ಉಳಿದಿರುವಾಗಲೇ ತೀರ್ಮಾನವಾಗಬೇಕು.

ದುಂಡು ಲಿಗಮೆಂಟನ್ನೂ, ಅಂಡಾಶಯಗಳನ್ನು ಉಳಿಸಿಕೊಂಡು ಅಂಡನಾಳ ಮತ್ತು ಅಂಡಾಶಯದ ಲಿಗಮೆಂಟನ್ನೂ ಕ್ಲಾಂಪ್ ಹಾಕಿ ಕತ್ತರಿಸಿ, ಮೂತ್ರಕೋಶವನ್ನು ಕೆಳಕ್ಕೆ ತಳ್ಳಿ, ಗರ್ಭಕೋಶದ ಅಪಧಮನಿಗಳಿಗೆ ಎರಡೂ ಬದಿ ಜೋಡಿ ಕ್ಲಾಂಪ್ ಹಾಕಬೇಕು. ಮೊದಲು ಎಲ್ಲ ಕ್ಲಾಂಪ್‌ಗಳನ್ನು ಹಾಕಿ ರಕ್ತ ನಿಲ್ಲಿಸಿ, ಕಟ್ಟುವುದನ್ನು ಆಮೇಲೆ ಮಾಡುವುದು ವೇಗದ ಗುಟ್ಟು. ಸಡಿಲತೆಯೇ ಕಾರಣವಾಗಿದ್ದರೆ ಕೊರಳನ್ನು ಬಿಟ್ಟು ಮೇಲಿನ ಭಾಗ ತೆಗೆದರೆ ಸಾಕು. ಮಾಸು ಕೆಳಭಾಗಕ್ಕೆ ಅಂಟಿದ್ದರೆ ಅಥವಾ ಕೊರಳೇ ಹರಿದಿದ್ದರೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಉಳಿದ ತುಂಡಿನಿಂದಲೇ ರಕ್ತ ಹರಿಯುತ್ತದೆ. ಎಲ್ಲವೂ ಮುಗಿದ ಮೇಲೂ ಎಲ್ಲೆಡೆಯಿಂದ ಜಿನುಗುತ್ತಿದ್ದರೆ ಅದು ಹೊಲಿಗೆಯಿಂದ ನಿಲ್ಲುವ ರಕ್ತವಲ್ಲ. ಮಾಪ್‌ಗಳನ್ನು ಎಣಿಸಿ, ಕೇಸ್ ಶೀಟಿನಲ್ಲಿ ಬರೆದು, ಸೊಂಟಗುಳಿಯಲ್ಲಿ ಬಿಗಿಯಾಗಿ ತುಂಬಿ, ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಸಮಪ್ರಮಾಣದಲ್ಲಿ ಕೊಟ್ಟು, ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜೆನ್ ಲೀಟರಿಗೆ 2 ಗ್ರಾಂಗಿಂತ ಕೆಳಗಿದ್ದರೆ ಅದು ಹೆಚ್ಚಿರುವ ರಕ್ತದ ಅಂಶವಾದ ಕ್ರಯೊ ಕೊಟ್ಟು, ಮೈ ಬೆಚ್ಚಗಿಟ್ಟು, ಕ್ಯಾಲ್ಸಿಯಂ ತುಂಬಿ, 24ರಿಂದ 48 ಗಂಟೆಯೊಳಗೆ ಮತ್ತೆ ತೆರೆದು ಮಾಪ್‌ಗಳನ್ನು ತೆಗೆಯಬೇಕು.

ಅನಂತರದ ದಿನಗಳು

ಮೊದಲ 24 ಗಂಟೆ ತೀವ್ರ ನಿಗಾ ಬೇಕು: ನಾಡಿ, ರಕ್ತದೊತ್ತಡ, ಗಂಟೆಗೊಮ್ಮೆ ಮೂತ್ರದ ಪ್ರಮಾಣ, ಹೊಟ್ಟೆಯ ಉಬ್ಬರ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಸೊಂಟದ ಪಕ್ಕದಲ್ಲಿ ನೋವೆಂದರೆ ಯುರೇಟರಿಗೆ ಪೆಟ್ಟಾಗಿದೆಯೇ ಎಂದು ನೋಡಬೇಕು. ರಕ್ತಸ್ರಾವದ ಭಯ ಕಳೆದ ಮೇಲೆ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟದಂತೆ ಔಷಧ ಕೊಡಬೇಕು. ಹಾಲು ಬಾರದಿರುವುದು, ತೀರದ ಸುಸ್ತು, ತಿಂಗಳುಗಟ್ಟಲೆ ಮುಟ್ಟಿಲ್ಲದಿರುವುದು ಪಿಟ್ಯುಟರಿ ಗ್ರಂಥಿಗೆ ಹಾನಿಯಾದ ಲಕ್ಷಣಗಳೂ ಆಗಿರಬಹುದು. ಆದ್ದರಿಂದ ಅವನ್ನು ಬಾಣಂತನದ ದಣಿವೆಂದು ತಳ್ಳಿಹಾಕದೆ ಪರೀಕ್ಷೆಗೆ ಬರುವಂತೆ ಆಕೆಯ ತಾಯಿಗೂ ಹೇಳಿ ಕಳುಹಿಸಬೇಕು.

ಬಿಡುಗಡೆಯ ಚೀಟಿಯಲ್ಲಿ “ಪ್ರಸವೋತ್ತರ ರಕ್ತಸ್ರಾವ, ಚಿಕಿತ್ಸೆ ನೀಡಲಾಗಿದೆ” ಎಂದಷ್ಟೇ ಬರೆದರೆ ಸಾಲದು. ಯಾವ ಹೊಲಿಗೆ, ಯಾವ ಬದಿಯ ಯಾವ ರಕ್ತನಾಳ, ಎಷ್ಟು ಯೂನಿಟ್ ರಕ್ತ, ಕೊರಳು ಉಳಿದಿದೆಯೇ, ಅಂಡಾಶಯಗಳು ಉಳಿದಿವೆಯೇ ಎಂಬುದೆಲ್ಲ ಅದರಲ್ಲಿರಬೇಕು. ಗರ್ಭಕೋಶ ಉಳಿದವರಿಗೆ ಮುಂದೆ ಮತ್ತೆ ಗರ್ಭ ನಿಲ್ಲಬಹುದೆಂದೂ, ಆ ಹೆರಿಗೆ ರಕ್ತನಿಧಿಯಿರುವ ಆಸ್ಪತ್ರೆಯಲ್ಲೇ ಆಗಬೇಕೆಂದೂ ತಿಳಿಸಬೇಕು. ಗರ್ಭಕೋಶ ಕಳೆದುಕೊಂಡವರಿಗೆ ಏನಾಯಿತು, ಏಕೆ ತೆಗೆಯಬೇಕಾಯಿತು ಎಂಬುದನ್ನು ವಾರ್ಡಿನಲ್ಲಿ ಒಮ್ಮೆ, ಆರು ವಾರದ ನಂತರ ಇನ್ನೊಮ್ಮೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಪಕ್ಕದಲ್ಲಿ ಕೂತು ವಿವರಿಸಬೇಕು. ಕೊರಳು ಉಳಿದಿದ್ದರೆ ಅದರ ಕ್ಯಾನ್ಸರ್ ತಪಾಸಣೆಯನ್ನು ಎಲ್ಲರಂತೆ ಮುಂದುವರಿಸಬೇಕೆಂದೂ ಆಗಲೇ ತಿಳಿಸಬೇಕು.